ಕಾರು ಕಲಿಯುವುದು ಯಾರ ಹತ್ತಿರ, ಯಾವ ಗಾಡಿಯಲ್ಲಿ, ಯಾವ ರಸ್ತೆಯಲ್ಲಿ?

ಕಾರು ಕಲಿಯಲು ಹೊರಟವರು ಮೊದಲು ಕೇಳುವುದು ಸಾಮಾನ್ಯವಾಗಿ ಹಣದ ವಿಚಾರವನ್ನು: ಡ್ರೈವಿಂಗ್ ಸ್ಕೂಲಿಗೆ ಸೇರಿದರೆ ಎಷ್ಟಾಗುತ್ತದೆ, ಮನೆಯಲ್ಲಿ ಅಣ್ಣನೋ ಮಾವನೋ ಕಲಿಸಿದರೆ ಅಷ್ಟು ಉಳಿಯುವುದಿಲ್ಲವೇ ಎಂದು. ಆಮೇಲೆ ಬರುವುದು ಗೇರಿನ ವಿಚಾರ: ಹೇಗೂ ಮುಂದೆ ಕೊಳ್ಳುವುದು ಆಟೋಮ್ಯಾಟಿಕ್ ಆದರೆ ಕ್ಲಚ್ಚಿನೊಂದಿಗೆ ಗುದ್ದಾಡುವುದೇಕೆ ಎಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಕಲಿಯುವಾಗ ನಮ್ಮ ಎಡಗಡೆಯ ಸೀಟಿನಲ್ಲಿ ಕೂರುವವರು ಸ್ವತಃ ಹೇಗೆ ಗಾಡಿ ಓಡಿಸುತ್ತಾರೆ ಎಂಬುದು. ಗೇರು ಬದಲಿಸುವುದನ್ನು ಯಾರಿಂದ ಕಲಿತರೂ ಎರಡು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಹಾರನ್ ಯಾವಾಗ ಒತ್ತಬೇಕು, ಎದುರು ಗಾಡಿಗೆ ಯಾವಾಗ ಸೈಡ್ ಕೊಡಬೇಕು, ಜೀಬ್ರಾ ಪಟ್ಟೆಯ ಮುಂದೆ ನಿಲ್ಲಬೇಕೇ ನುಗ್ಗಬೇಕೇ ಎಂಬುದು ಮಾತ್ರ ಕಲಿಸಿದವರಿಂದ ಹಾಗೇ ಅಂಟಿಕೊಂಡು ಬರುತ್ತದೆ, ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ. ಹೀಗಾಗಿ ಮುಂದಿನ ಹೋಲಿಕೆಯಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಅದು ಬಿಟ್ಟುಹೋಗುವ ಅಭ್ಯಾಸದ ಮೇಲೆ ತೂಗಿದ್ದೇನೆ.

ನಮ್ಮ ಮನೆಯಲ್ಲಿಯೇ ಎರಡೂ ಬಗೆಯವರಿದ್ದೇವೆ. ನಾನು ಶಿವಮೊಗ್ಗದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತೆ. ನನ್ನ ತಂಗಿ ನಮ್ಮ ಚಿಕ್ಕಪ್ಪನಿಂದ, ಮನೆಯ ಹಳೆಯ ಮಾರುತಿ 800ರಲ್ಲಿ ಕಲಿತಳು. ಇಬ್ಬರ ದೋಷಗಳೂ ಬೇರೆ ಬೇರೆ, ಮತ್ತು ಇಬ್ಬರ ದೋಷಗಳ ಮೂಲವನ್ನೂ ಇಂದಿಗೂ ಬೆರಳು ಮಾಡಿ ತೋರಿಸಬಹುದು.

ಕಾಗದಪತ್ರದ ಮಟ್ಟಿಗೆ

ಯಾರಿಂದ ಕಲಿತರೂ ಕಾನೂನು ಒಂದೇ. ಕಾರಿಗೆ 18 ವರ್ಷ ತುಂಬಿರಬೇಕು, ಎಲ್‌ಎಲ್‌ಆರ್ ಎಂಬ ಕಲಿಕಾ ಲೈಸೆನ್ಸ್ ಕೈಯಲ್ಲಿರಬೇಕು. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಅದು ಸಿಕ್ಕ 30 ದಿನಗಳ ನಂತರವೇ ಡಿಎಲ್ ಪರೀಕ್ಷೆಗೆ ಹೋಗಬಹುದು. ಪರೀಕ್ಷೆಯಲ್ಲಿ ಫೇಲಾದರೆ ಕನಿಷ್ಠ 7 ದಿನ ಕಾಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೆಯ ನಿಯಮದ ಪ್ರಕಾರ, ಕಲಿಯುವವರ ಪಕ್ಕದಲ್ಲಿ ಡಿಎಲ್ ಇರುವವರೊಬ್ಬರು, ಗಾಡಿಯನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಸಾಧ್ಯವಾಗುವಂಥ ಜಾಗದಲ್ಲಿ ಕುಳಿತಿರಬೇಕು. ಹಿಂದೆಯೂ ಮುಂದೆಯೂ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಬೇಕು, ಆ ಫಲಕ 18 ಸೆಂಟಿಮೀಟರ್ ಚೌಕಕ್ಕಿಂತ, ಅಕ್ಷರ 10 ಸೆಂಟಿಮೀಟರ್ ಎತ್ತರಕ್ಕಿಂತ ಚಿಕ್ಕದಿರಬಾರದು. ಹಿಂದಿನ ಗಾಜಿನ ಮೂಲೆಯಲ್ಲಿ ಬಿಂದಿಯಷ್ಟು ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡುವವರು ಇದನ್ನು ಗಮನಿಸಬೇಕು. ಎಲ್ ಬೋರ್ಡ್ ಇರುವುದು ನಾಚಿಕೆಯ ಗುರುತಾಗಿ ಅಲ್ಲ. ಅದನ್ನು ದೂರದಿಂದಲೇ ಕಂಡ ಹಿಂದಿನ ಬಸ್ಸಿನವನು ಒಂದಿಷ್ಟು ಜಾಗ ಬಿಟ್ಟು ಬರುತ್ತಾನೆ.

18 ತುಂಬದ ಮಕ್ಕಳಿಗೆ ಬಡಾವಣೆಯ ಒಳರಸ್ತೆಯಲ್ಲಿ ಸ್ಟೇರಿಂಗ್ ಕೊಟ್ಟು ಖುಷಿಪಡುವ ತಂದೆಯರಿಗೆ ಒಂದು ಮಾತು. 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡವಿದೆ, ಗಾಡಿಯ ನೋಂದಣಿ 12 ತಿಂಗಳ ಕಾಲ ರದ್ದಾಗುತ್ತದೆ, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಸಿಗುವುದಿಲ್ಲ. ಈ ಆಯ್ಕೆಯನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ.

ಡ್ರೈವಿಂಗ್ ಸ್ಕೂಲ್

ಸ್ಕೂಲಿನ ದೊಡ್ಡ ಲಾಭ ಒಂದೇ, ಅದು ಎಡಗಡೆ ಸೀಟಿನ ಮುಂದೆ, ಕಾಲ ಬಳಿ ಇರುವ ಎರಡನೆಯ ಜೊತೆ ಪೆಡಲುಗಳು. ಕಲಿಯುವವರು ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದರೂ ಪಕ್ಕದವರು ಗಾಡಿ ನಿಲ್ಲಿಸಬಲ್ಲರು. ಮೊದಲ ಹತ್ತು ದಿನ ಇದಕ್ಕಿಂತ ಬೆಲೆಬಾಳುವ ಸೌಲಭ್ಯ ಬೇರೆ ಇಲ್ಲ. ಕಲಿಸುವವರು ಹೊರಗಿನವರಾದ್ದರಿಂದ ಗಾಡಿ ನಾಲ್ಕು ಸಲ ಆಫ್ ಆದರೂ ಮನೆಯ ಹಳೆಯ ಲೆಕ್ಕಗಳು ಮೇಲೇಳುವುದಿಲ್ಲ ಎಂಬುದೂ ಒಂದು ನೆಮ್ಮದಿ.

ಅದೇ ಪೆಡಲುಗಳಲ್ಲಿ ಮೋಸವೂ ಇದೆ. ನನ್ನ ಮೇಷ್ಟ್ರು ಒಳ್ಳೆಯವರು, ಆದರೆ ಅವರ ಕಾಲು ಸದಾ ಅವರ ಕಡೆಯ ಕ್ಲಚ್ಚಿನ ಮೇಲೇ ಇರುತ್ತಿತ್ತು. ಹದಿನೈದು ದಿನವಾದ ಮೇಲೆ ನಾನು ಪೇಟೆಯೊಳಗೆ ಸಲೀಸಾಗಿ ಓಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಓಡಿಸುತ್ತಿದ್ದವರು ಅವರು, ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ ಅಷ್ಟೆ. ಇದು ಗೊತ್ತಾದದ್ದು ಡಿಎಲ್ ಬಂದ ವಾರ, ಒಂದು ಏರಿನ ಸಿಗ್ನಲ್ಲಿನಲ್ಲಿ. ಹಸಿರು ದೀಪ ಬಿತ್ತು, ಕ್ಲಚ್ಚು ಬಿಟ್ಟೆ, ಗಾಡಿ ಒಮ್ಮೆ ನಡುಗಿ ಆಫ್ ಆಯಿತು, ಹಿಂದಕ್ಕೆ ಜಾರತೊಡಗಿತು. ಕನ್ನಡಿಯಲ್ಲಿ ಆಟೋವೊಂದರ ಮುಂಗಾಜು ದೊಡ್ಡದಾಗುತ್ತಾ ಬಂತು. ಹ್ಯಾಂಡ್ ಬ್ರೇಕ್ ಎಳೆದದ್ದು ಬುದ್ಧಿಯಿಂದಲ್ಲ, ಭಯದಿಂದ. ಆಟೋದವರು ಬೈಯಲಿಲ್ಲ, ಇಳಿದು ಬಂದು ಕಿಟಕಿಯ ಹತ್ತಿರ ನಿಂತು, ‘ಹ್ಯಾಂಡ್ ಬ್ರೇಕ್ ಹಂಗೇ ಇರ್ಲಿ ಸಾರ್, ಕ್ಲಚ್ ನಿಧಾನ ಬಿಡಿ, ಗಾಡಿ ಮೂತಿ ಎತ್ತುತ್ತೆ, ಆವಾಗ ಬ್ರೇಕ್ ಇಳಿಸಿ’ ಎಂದರು. ಇಪ್ಪತ್ತೊಂದು ದಿನದ ಪಾಠದಲ್ಲಿ ಸಿಗದೇ ಇದ್ದದ್ದು ಆ ಒಂದು ವಾಕ್ಯದಲ್ಲಿ ಸಿಕ್ಕಿತು.

ಇಪ್ಪತ್ತೊಂದು ದಿನ ಎಂಬುದು ಸ್ಕೂಲಿನವರು ತಾವೇ ಕಟ್ಟಿದ ಲೆಕ್ಕವಲ್ಲ. ಖಾಸಗಿ ಕಾರಿನ ತರಬೇತಿ ಕನಿಷ್ಠ 21 ದಿನಗಳದ್ದಾಗಿರಬೇಕು, ಕಲಿಯುವವರು ನಿಜವಾಗಿ ಗಾಡಿ ಓಡಿಸಿದ ಸಮಯ 10 ಗಂಟೆಗೆ ಕಡಿಮೆ ಇರಬಾರದು ಎಂದು ಅದೇ 1989ರ ನಿಯಮಗಳು ಹೇಳುತ್ತವೆ. 10 ಗಂಟೆಯನ್ನು 21 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು ಅರ್ಧ ಗಂಟೆ. ಸೇರುವ ಮೊದಲು ಈ ಅರ್ಧ ಗಂಟೆ ಯಾರದು ಎಂದು ಕೇಳಲೇಬೇಕು. ಒಂದೇ ಗಾಡಿಯಲ್ಲಿ ಮೂವರನ್ನು ಕೂರಿಸಿಕೊಂಡು ಹೋಗಿ ಒಬ್ಬೊಬ್ಬರಿಗೆ ಹತ್ತು ನಿಮಿಷ ಸ್ಟೇರಿಂಗ್ ಕೊಡುವ ಸ್ಕೂಲುಗಳಿವೆ. ಹಿಂದಿನ ಸೀಟಿನಲ್ಲಿ ಕುಳಿತು ನೋಡುವುದರಿಂದಲೂ ಕಲಿಯುವುದಿದೆ ಎನ್ನುತ್ತಾರೆ, ಇರಬಹುದು, ಆದರೆ ಆ ನೋಟಕ್ಕೆ ಪೂರ್ತಿ ಫೀಸು ಕೊಡಬೇಕಾಗಿಲ್ಲ. ಏರಿನಲ್ಲಿ ನಿಲ್ಲಿಸಿ ಹೊರಡಿಸುವುದು, ರಿವರ್ಸ್, ರಾತ್ರಿಯ ಒಂದು ಪಾಠ, ಇವು ಇವೆಯೇ ಎಂಬುದನ್ನೂ ಕೇಳಿ. ‘ಡಿಎಲ್ ಮಾಡಿಸಿಕೊಡೋದು ನಮ್ಮ ಜವಾಬ್ದಾರಿ, ನೀವು ಬಂದು ಫೋಟೋಗೆ ಕೂತರೆ ಸಾಕು’ ಎನ್ನುವ ಸ್ಕೂಲಿನಿಂದ ಮರುಮಾತಿಲ್ಲದೆ ಎದ್ದು ಬನ್ನಿ. ಇನ್ನೊಂದು ಪರೀಕ್ಷೆ ನನ್ನ ಸ್ವಂತದ್ದು: ಸೇರುವ ಮೊದಲು ಒಂದು ಬೆಳಗ್ಗೆ ಸ್ಕೂಲಿನ ಎದುರು ನಿಂತು, ಮೇಷ್ಟ್ರು ಒಬ್ಬರೇ ಗಾಡಿ ತರುವಾಗ ಸೀಟ್ ಬೆಲ್ಟ್ ಹಾಕಿದ್ದಾರೆಯೇ, ತಿರುವಿನಲ್ಲಿ ಇಂಡಿಕೇಟರ್ ಹಾಕುತ್ತಾರೆಯೇ ಎಂದು ನೋಡುತ್ತೇನೆ. ಈಚೆಗೆ ನೆಂಟರ ಹುಡುಗಿಯೊಬ್ಬಳಿಗೆ ಸ್ಕೂಲ್ ಹುಡುಕುವಾಗ ಈ ಪರೀಕ್ಷೆಯಲ್ಲಿ ಮೂರರಲ್ಲಿ ಎರಡು ಸ್ಕೂಲು ಫೇಲಾದವು.

ಮಾನ್ಯತೆ ಪಡೆದ ತರಬೇತಿ ಕೇಂದ್ರಗಳೆಂಬ ಇನ್ನೊಂದು ಬಗೆಯೂ ಇದೆ. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮಗಳಂತೆ ಇಂಥ ಕೇಂದ್ರಗಳಲ್ಲಿ ಕಾರಿನ ತರಬೇತಿ ಗರಿಷ್ಠ 4 ವಾರಗಳಲ್ಲಿ 29 ಗಂಟೆ. ಅದರಲ್ಲಿ 8 ಗಂಟೆ ಪಾಠ, 21 ಗಂಟೆ ಚಾಲನೆ. ಅಲ್ಲಿ ಉತ್ತೀರ್ಣರಾದವರಿಗೆ ಆರ್‌ಟಿಓದಲ್ಲಿ ಮತ್ತೆ ಚಾಲನಾ ಪರೀಕ್ಷೆ ಬೇಡ. ಸಾಮಾನ್ಯ ಸ್ಕೂಲಿನ 10 ಗಂಟೆಯ ಎದುರು 21 ಗಂಟೆ ಎಂಬುದು ಸಣ್ಣ ವ್ಯತ್ಯಾಸವಲ್ಲ. ನಿಮ್ಮ ಊರಿನಿಂದ ಹೋಗಿ ಬರುವಷ್ಟು ದೂರದಲ್ಲಿ ಇಂಥ ಕೇಂದ್ರವಿದ್ದರೆ, ಪರೀಕ್ಷೆ ತಪ್ಪುತ್ತದೆ ಎಂಬ ಆಸೆಗಲ್ಲದಿದ್ದರೂ, ಆ ಹೆಚ್ಚಿನ ಗಂಟೆಗಳಿಗಾಗಿ ಅದನ್ನೇ ಮೊದಲು ವಿಚಾರಿಸಬೇಕು.

ಮನೆಯವರು ಕಲಿಸುವುದು

ನನ್ನ ತಂಗಿ ಡಿಎಲ್ ಪರೀಕ್ಷೆಗೆ ಹೋಗುವ ಹೊತ್ತಿಗೆ ಕ್ಲಚ್ಚಿನ ವಿಷಯದಲ್ಲಿ ನನ್ನನ್ನು ಮೀರಿಸಿದ್ದಳು. ಚಿಕ್ಕಪ್ಪನ ಕಡೆ ಪೆಡಲೇ ಇರಲಿಲ್ಲವಾದ್ದರಿಂದ ಮೊದಲ ದಿನದಿಂದಲೇ ಗಾಡಿ ಅವಳ ಕೈಯಲ್ಲೇ ಇತ್ತು. ಮೊದಲ ವಾರ ಚಿಕ್ಕಪ್ಪ ಮೈದಾನದಲ್ಲಿ ಆಕ್ಸಿಲರೇಟರ್ ಮುಟ್ಟಲೇ ಬಿಡಲಿಲ್ಲ. ಬರೀ ಕ್ಲಚ್ಚು ಬಿಡುವುದರಲ್ಲೇ ಗಾಡಿ ತೆವಳಬೇಕು, ನಿಲ್ಲಬೇಕು, ಮತ್ತೆ ತೆವಳಬೇಕು. ಗಂಟೆಗಟ್ಟಲೆ ಹೀಗೆ ಮಾಡಿಸಲು ಯಾವ ಸ್ಕೂಲಿಗೂ ಪುರಸೊತ್ತಿಲ್ಲ, ಕ್ಲಚ್ ಪ್ಲೇಟು ಬೇಗ ಸವೆಯಬಾರದೆಂಬ ಆಸೆಯಿದ್ದರೆ ಮನಸ್ಸೂ ಬರುವುದಿಲ್ಲ. ಮನೆಯ ಪಾಠದ ನಿಜವಾದ ಲಾಭ ಈ ಬಿಡುವಿನಲ್ಲಿದೆ: ಸ್ಕೂಲಿನಲ್ಲಿ 10 ಗಂಟೆಯಾದರೆ ಮನೆಯಲ್ಲಿ 40 ಗಂಟೆಯೂ ಆಗಬಹುದು; ಮಳೆ ಬಂದ ದಿನ, ಸಂತೆಯ ದಿನ, ಮದುವೆ ಮುಗಿಸಿ ಬರುವ ರಾತ್ರಿ, ಎಲ್ಲವೂ ಪಾಠವಾಗುತ್ತವೆ.

ಆದರೆ ಚಿಕ್ಕಪ್ಪನ ಜೊತೆಗೆ ಚಿಕ್ಕಪ್ಪನ ಚಟಗಳೂ ಬಂದವು. ಪ್ರತಿ ಅಡ್ಡರಸ್ತೆಗೂ ಒಂದು ಹಾರನ್. ಸರ್ಕಲ್ಲಿನಲ್ಲಿ ನೇರ ಹೋಗುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವುದು. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಯಲೆಂದು ನ್ಯೂಟ್ರಲ್ ಮಾಡುವುದು. ಮೂರನ್ನೂ ಅವರು ಅನುಭವದ ಗುಟ್ಟುಗಳೆಂದೇ ಹೇಳಿಕೊಟ್ಟಿದ್ದರು. ನಾಲ್ಕೂ ದೀಪ ಒಟ್ಟಿಗೆ ಮಿನುಗಿದರೆ ಎಡಬದಿಯಿಂದ ನೋಡುವ ಬೈಕಿನವನಿಗೆ ಎಡದ ದೀಪವಷ್ಟೇ ಕಾಣುತ್ತದೆ. ಗಾಡಿ ಎಡಕ್ಕೆ ತಿರುಗುತ್ತದೆಂದು ಅವನು ಎಣಿಸುತ್ತಾನೆ. ಕಾರ್ಬ್ಯುರೇಟರ್ ಕಾಲದಲ್ಲಿ ನ್ಯೂಟ್ರಲ್ಲಿನಿಂದ ಏನಾದರೂ ಉಳಿಯುತ್ತಿದ್ದಿರಬಹುದು. ಈಗಿನ ಫ್ಯೂಯಲ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಒಂದಿಷ್ಟು ಹೋಗುತ್ತಲೇ ಇರುತ್ತದೆ, ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ನನ್ನ ತಂಗಿಗೆ ಈ ಒಂದು ಚಟ ಬಿಡಲು ಎರಡು ವರ್ಷ ಹಿಡಿಯಿತು.

ಮನೆಯಲ್ಲಿ ಕಲಿಯುವುದೆಂದು ನಿರ್ಧರಿಸಿದರೆ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಒಂದು, ವಿಮೆ. ಎಲ್‌ಎಲ್‌ಆರ್ ಇರುವವರು ಓಡಿಸಿದಾಗಲೂ ಖಾಸಗಿ ಕಾರಿನ ವಿಮೆ ನಡೆಯುತ್ತದೆ, ಆದರೆ ಮೇಲೆ ಹೇಳಿದ 3ನೆಯ ನಿಯಮವನ್ನು ಪಾಲಿಸಿದ್ದರೆ ಮಾತ್ರ ಎಂದು ಪಾಲಿಸಿಯ ಚಾಲಕರ ಷರತ್ತಿನಲ್ಲೇ ಬರೆದಿರುತ್ತದೆ. ಪಕ್ಕದಲ್ಲಿ ಡಿಎಲ್ ಇಲ್ಲದ ಗೆಳೆಯ ಕುಳಿತಿದ್ದರೆ, ಎಲ್ ಬೋರ್ಡ್ ಇಲ್ಲದಿದ್ದರೆ, ಒಂದು ಸಣ್ಣ ತಾಗಾಟವೂ ಕೈಯಿಂದ ಹಣ ತೆರುವಂತೆ ಮಾಡಬಹುದು. ಎರಡು, ಹ್ಯಾಂಡ್ ಬ್ರೇಕ್. ಕಲಿಸುವವರ ಹತ್ತಿರ ಇರುವ ಏಕೈಕ ಆಯುಧ ಅದು. ಸೀಟುಗಳ ನಡುವೆ ಕೈಗೆ ಸಿಗುವ ಲಿವರ್ ಇರುವ ಗಾಡಿಯಲ್ಲಿ ಮನೆಯ ಪಾಠ ನಡೆಸಬಹುದು. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಬ್ರೇಕಿನ ಗಾಡಿಯಾದರೆ, ಓಡುವಾಗ ಅದು ಹೇಗೆ ಕೆಲಸ ಮಾಡುತ್ತದೆಂದು ಕೈಪಿಡಿ ಓದಿ, ಖಾಲಿ ಜಾಗದಲ್ಲಿ ಒಮ್ಮೆ ಪರೀಕ್ಷಿಸಿಯೇ ಹೊರಡಬೇಕು.

ಗಂಡ ಹೆಂಡತಿಗೆ ಕಲಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೊದಲ ಇಪ್ಪತ್ತು ಗಂಟೆ ಬೇಡ. ‘ಬ್ರೇಕ್ ಹಿಡಿ’ ಎಂಬ ಎರಡು ಪದಗಳನ್ನು ಎಷ್ಟು ಸ್ವರಗಳಲ್ಲಿ ಹೇಳಬಹುದೆಂಬುದು ಕಾರಿನಲ್ಲಿ ಕೂತ ಮೇಲೇ ತಿಳಿಯುವುದು, ಆ ಸ್ವರ ಗೇಟು ದಾಟಿ ಅಡುಗೆಮನೆಯವರೆಗೂ ಬರುತ್ತದೆ.

ಆಯ್ಕೆ ನನ್ನದಾದರೆ ಮೊದಲ 10 ಗಂಟೆ ಸ್ಕೂಲಿಗೆ ಕೊಡುತ್ತೇನೆ, ಅದರ ಎರಡನೆಯ ಬ್ರೇಕಿಗಾಗಿ. ಅಲ್ಲಿಂದಾಚೆಗಿನ ಗಂಟೆಗಳನ್ನು ಮನೆಯವರೊಬ್ಬರಿಗೆ ಕೊಡುತ್ತೇನೆ. ಆ ಒಬ್ಬರನ್ನು ಆರಿಸುವಾಗ ಅತಿ ಹೆಚ್ಚು ವರ್ಷ ಓಡಿಸಿದವರನ್ನು ಹುಡುಕುವುದಿಲ್ಲ. ಯಾರು ಓಡಿಸುವಾಗ ಹಿಂದಿನ ಸೀಟಿನ ಅಜ್ಜಿಗೆ ನಿದ್ದೆ ಬರುತ್ತದೆಯೋ ಅವರನ್ನು ಹುಡುಕುತ್ತೇನೆ.

ಗೇರೋ ಆಟೋಮ್ಯಾಟಿಕ್ಕೋ

ನಮ್ಮಲ್ಲಿ ಕಾರಿನ ಲೈಸೆನ್ಸ್ ಎಲ್‌ಎಂವಿ ಎಂಬ ಒಂದೇ ವರ್ಗದ್ದು. ಬೈಕಿನಲ್ಲಿ ಗೇರು ಇರುವುದು, ಇಲ್ಲದ್ದು ಎಂಬ ಭೇದವಿದೆ, ಅಂಥದ್ದು ಕಾರಿನಲ್ಲಿಲ್ಲ. ಹೀಗಾಗಿ ಆಟೋಮ್ಯಾಟಿಕ್ಕಿನಲ್ಲಿ ಮಾತ್ರ ಕಲಿತವರು ನಾಳೆ ಊರಿನ ಮಾವನ ಬೊಲೆರೊ ಓಡಿಸಲು ಕಾನೂನು ಅಡ್ಡಬರುವುದಿಲ್ಲ, ಎಡಗಾಲು ಅಡ್ಡಬರುತ್ತದೆ.

ಆಟೋಮ್ಯಾಟಿಕ್ಕಿನಲ್ಲಿ ಕಲಿಯುವುದರ ಪರವಾಗಿ ಒಂದು ಬಲವಾದ ವಾದವಿದೆ, ಅದನ್ನು ಹಳಬರು ಸುಮ್ಮನೆ ತಳ್ಳಿಹಾಕುತ್ತಾರೆ. ಹೊಸಬರ ತಲೆಯಲ್ಲಿ ಗಮನಕ್ಕಿರುವ ಜಾಗ ಸ್ವಲ್ಪ. ಅದರಲ್ಲಿ ಮುಕ್ಕಾಲು ಪಾಲನ್ನು ಕ್ಲಚ್ಚು-ಗೇರು ತಿಂದುಬಿಟ್ಟರೆ ಕನ್ನಡಿ, ಪಾದಚಾರಿ, ಎಡದಿಂದ ನುಸುಳುವ ಸ್ಕೂಟರು, ಇವಕ್ಕೆ ಉಳಿಯುವುದು ಕಾಲು ಪಾಲು. ಗೇರಿನ ಚಿಂತೆ ಇಲ್ಲದವರು ಮೊದಲ ವಾರದಿಂದಲೇ ರಸ್ತೆ ನೋಡಲು ಕಲಿಯುತ್ತಾರೆ. ಐವತ್ತು ದಾಟಿದ ಮೇಲೆ ಕಲಿಯುವವರಿಗೆ, ಮಂಡಿನೋವಿನವರಿಗೆ, ದಿನಾ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ದಟ್ಟಣೆಯಲ್ಲಿ ತೆವಳಬೇಕಾದವರಿಗೆ ನಾನು ಎರಡು ಮಾತಿಲ್ಲದೆ ಆಟೋಮ್ಯಾಟಿಕ್ ಎನ್ನುತ್ತೇನೆ.

ಆದರೆ ಆಟೋಮ್ಯಾಟಿಕ್ ಎಂಬ ಹೆಸರಿನಡಿ ಬೇರೆ ಬೇರೆ ಜಾತಿಯ ಗಾಡಿಗಳಿವೆ. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮಲ್ಲಿ ಬಂದ ಎಎಂಟಿ, ಒಳಗೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ಚು ಒತ್ತುವ, ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಬೆಲೆ ಕಡಿಮೆ, ಮೈಲೇಜು ಮ್ಯಾನುವಲ್ಲಿನ ಆಸುಪಾಸು. ಗೇರು ಬದಲಾಗುವಾಗ ಮಾತ್ರ ತಲೆ ಸ್ವಲ್ಪ ಮುಂದಕ್ಕೆ ತೂಗುತ್ತದೆ, ಓವರ್‌ಟೇಕಿಗೆ ಕಾಲು ಒತ್ತಿದರೆ ಒಂದು ಕ್ಷಣ ಯೋಚಿಸಿ ಹೊರಡುತ್ತದೆ. ಈ ಒಂದು ಕ್ಷಣವನ್ನು ಎರಡು ಪಥದ ಹೆದ್ದಾರಿಯಲ್ಲಿ ಎದುರು ಲಾರಿ ಕಂಡಾಗ ಮೊದಲ ಬಾರಿಗೆ ತಿಳಿಯುವಂತಾಗಬಾರದು. ಟಾರ್ಕ್ ಕನ್ವರ್ಟರ್, ಸಿವಿಟಿ ಎಂಬ ಇನ್ನೆರಡು ಬಗೆಯ ಆಟೋಮ್ಯಾಟಿಕ್ ಗಾಡಿಗಳು ನಯವಾಗಿ ಹೋಗುತ್ತವೆ, ಬೆಲೆ ಹೆಚ್ಚು; ಬ್ರೇಕ್ ಬಿಟ್ಟೊಡನೆ ತಾವಾಗಿ ತೆವಳುತ್ತವೆ. ಏರಿನಲ್ಲಿ ನಿಂತಾಗ, ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿಯನ್ನು ಕ್ಷಣಕಾಲ ಹಿಡಿದಿಡುವ ಸೌಲಭ್ಯ) ಇಲ್ಲದ ಎಎಂಟಿ ಹಿಂದಕ್ಕೆ ಜಾರಬಲ್ಲದು. ಆಟೋಮ್ಯಾಟಿಕ್ ಜಾರುವುದೇ ಇಲ್ಲವೆಂದು ನಂಬಿಕೊಂಡು ಬ್ರೇಕಿನಿಂದ ಕಾಲೆತ್ತುವವರು ಇದನ್ನು ತಿಳಿದಿರಬೇಕು. ಇನ್ನೊಂದು ನಿಯಮವನ್ನು ಆಟೋಮ್ಯಾಟಿಕ್ ಕಲಿಯುವವರು ಮೊದಲ ದಿನವೇ ಮೈಗೂಡಿಸಿಕೊಳ್ಳಬೇಕು: ಎಡಗಾಲಿಗೆ ಕೆಲಸವೇ ಇಲ್ಲ, ಅದನ್ನು ಮೂಲೆಗೆ ಒತ್ತರಿಸಿಡಿ, ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ.

ಮ್ಯಾನುವಲ್ ಕಲಿಯಬೇಕಾದವರು ಯಾರೆಂದರೆ, ಮಲೆನಾಡು-ಕರಾವಳಿಯ ನಡುವೆ ಓಡಾಡುವವರು, ಮನೆಯಲ್ಲಿ ಈಗಾಗಲೇ ಗೇರಿನ ಕಾರಿರುವವರು, ಮತ್ತು ಡ್ರೈವಿಂಗನ್ನು ಕಸುಬಾಗಿ ನೆಚ್ಚಿಕೊಳ್ಳುವವರು. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಗಾಡಿಯನ್ನು ಹಿಡಿದಿಟ್ಟುಕೊಳ್ಳುವ ಅಭ್ಯಾಸ ಮ್ಯಾನುವಲ್ಲಿನವರಿಗೆ ತಾನಾಗಿ ಬರುತ್ತದೆ. ಆಟೋಮ್ಯಾಟಿಕ್ಕಿನಲ್ಲೂ ಅದು ಸಾಧ್ಯ, ಲಿವರನ್ನು ಮ್ಯಾನುವಲ್ ಮೋಡಿಗೋ ‘ಎಲ್’ಗೋ ಹಾಕಬೇಕು, ಆದರೆ ಕೊಂಡು ನಾಲ್ಕು ವರ್ಷವಾದರೂ ಆ ಮೋಡನ್ನು ಮುಟ್ಟದವರನ್ನು ನಾನು ಬಲ್ಲೆ. ಬ್ರೇಕನ್ನೇ ತುಳಿಯುತ್ತಾ ಇಳಿದು, ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತೆಂದು ನಿಲ್ಲಿಸಿಕೊಂಡು ಚಕ್ರಕ್ಕೆ ನೀರು ಹೊಯ್ಯುವವರು ಇವರೇ.

ಕಲಿಯುವ ಗಾಡಿ ಹಳೆಯದಿರಲಿ ಎಂಬುದು ಇದಕ್ಕೆ ಸೇರಿಸಬೇಕಾದ ಸಣ್ಣ ಸಲಹೆ. ಹೊಸ ಕಾರಿನಲ್ಲಿ ಕಲಿಯುವವರ ಅರ್ಧ ಗಮನ ಬಣ್ಣದ ಮೇಲಿರುತ್ತದೆ, ಪಕ್ಕದಲ್ಲಿ ಕೂತವರ ಪೂರ್ತಿ ಗಮನ ಬಣ್ಣದ ಮೇಲಿರುತ್ತದೆ. ಬ್ರೇಕ್, ಟೈರ್, ಸೀಟ್ ಬೆಲ್ಟ್ ನೆಟ್ಟಗಿದ್ದರೆ ಬಂಪರಿನ ಗೀರುಗಳು ಅನುಕೂಲವೇ.

ಯಾವ ರಸ್ತೆಯಲ್ಲಿ

ಮೈದಾನ, ಬಡಾವಣೆ, ಪೇಟೆ, ಹೆದ್ದಾರಿ, ಘಾಟಿ: ಈ ಐದರಲ್ಲಿ ಎಲ್ಲಿಂದ ಶುರು ಮಾಡಬೇಕೆಂಬುದಕ್ಕೆ ತಕರಾರಿಲ್ಲ; ಮೈದಾನದಲ್ಲೇ. ಆದರೆ ಬಹಳ ಮಂದಿ ಅಲ್ಲೇ ಉಳಿದುಬಿಡುತ್ತಾರೆ. ಮೈದಾನದಲ್ಲಿ ಗಾಡಿ ಕಲಿಯಬಹುದು, ರಸ್ತೆ ಕಲಿಯಲಾಗದು, ಏಕೆಂದರೆ ಅಲ್ಲಿ ಬೇರೆ ಜನರಿಲ್ಲ. ರಸ್ತೆಯ ಸೌಜನ್ಯವೆಂಬುದು ಬೇರೆಯವರಿರುವಲ್ಲಿ ಮಾತ್ರ ಹುಟ್ಟುವ ವಿದ್ಯೆ.

ಬಡಾವಣೆಯ ಒಳರಸ್ತೆ ಕಲಿಸುವುದು ತಡೆದು, ನಿಂತು ಹೋಗುವುದನ್ನು: ನಿಂತ ಕಾರಿನ ಬಾಗಿಲು ತೆರೆದುಕೊಳ್ಳಬಹುದು, ಚೆಂಡಿನ ಹಿಂದೆ ಹುಡುಗ ಬರಬಹುದು, ಬಣ್ಣ ಮಾಸಿದ ಹಂಪು ಕಾಣದಿರಬಹುದು. ಸಣ್ಣ ರಸ್ತೆಯಿಂದ ದೊಡ್ಡ ರಸ್ತೆಗೆ ಸೇರುವಾಗ ದೊಡ್ಡ ರಸ್ತೆಯಲ್ಲಿ ಬರುತ್ತಿರುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ಮೂತಿಯನ್ನು ಇಂಚಿಂಚು ತೂರಿಸಿ ಅವರು ನಿಲ್ಲುವಂತೆ ಮಾಡುವುದು ನಮ್ಮ ರೂಢಿ. ಕಲಿಯುವಾಗ ನಿಯಮದ ಕಡೆ ನಿಂತವರಿಗೆ ಹಿಂದಿನಿಂದ ಹಾರನ್ ಬೀಳುತ್ತದೆ. ಆ ಹಾರನ್ನಿಗೆ ಅಲುಗಾಡದೆ ಕೂರುವುದನ್ನೂ ಕಲಿಯಬೇಕು, ಇದನ್ನು ಪಕ್ಕದಲ್ಲಿ ಕೂತವರು ‘ಕೂಗ್ಲಿ ಬಿಡು, ನೀನು ನೋಡ್ಕೊಂಡು ಹೋಗು’ ಎಂದು ಹೇಳಿಕೊಡಬೇಕು.

ಪೇಟೆಯ ಅಭ್ಯಾಸಕ್ಕೆ ನನ್ನ ಆಯ್ಕೆ ಬೆಂಗಳೂರಿಗಿಂತ ಮೈಸೂರು. ಬೆಂಗಳೂರಿನ ದಟ್ಟಣೆಯಲ್ಲಿ ಕಲಿಯುವುದು ಬಹುಪಾಲು ಕ್ಲಚ್ಚಿನ ತಾಳ್ಮೆಯನ್ನು. ಮೈಸೂರಿನಲ್ಲಿ ಸರ್ಕಲ್ಲುಗಳಿವೆ, ಜಾಗವಿದೆ. ಸರ್ಕಲ್ಲಿನೊಳಗೆ ಆಗಲೇ ಸುತ್ತುತ್ತಿರುವವರಿಗೆ, ಎಂದರೆ ನಮ್ಮ ಬಲಗಡೆಯಿಂದ ಬರುವವರಿಗೆ, ದಾರಿ ಬಿಟ್ಟು ಒಳಗೆ ಸೇರುವುದು, ಹೊರಬೀಳುವ ಮೊದಲು ಎಡ ಇಂಡಿಕೇಟರ್ ಹಾಕುವುದು, ಇವೆರಡನ್ನು ಅಲ್ಲಿ ಭಾನುವಾರದ ಬೆಳಗ್ಗೆ ಇಪ್ಪತ್ತು ಸಲ ಮಾಡಬಹುದು.

ಹೆದ್ದಾರಿಯ ಮೊದಲ ಪಾಠಕ್ಕೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಸುಲಭವೆಂದು ಕೆಲವರು ಹೇಳುತ್ತಾರೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಎದುರು ಗಾಡಿಯ ಭಯವೂ ಇಲ್ಲ. ನಿಜ, ಆದರೆ ಆ ವೇಗದಲ್ಲಿ ಹೊಸಬರ ಒಂದು ತಪ್ಪಿಗೆ ತಿದ್ದಿಕೊಳ್ಳಲು ಸಮಯವಿಲ್ಲ. ಮೊದಲು ಅದರ ಪಕ್ಕದ ಸರ್ವೀಸ್ ರಸ್ತೆಯಲ್ಲೋ, ಊರಿನ ಹತ್ತಿರದ ಎರಡು ಪಥದ ರಾಜ್ಯ ಹೆದ್ದಾರಿಯಲ್ಲೋ 60ರ ವೇಗದಲ್ಲಿ ಅಂತರ ಕಾಯ್ದುಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. ಮುಂದಿನ ಗಾಡಿ ಒಂದು ಮೈಲಿಗಲ್ಲನ್ನು ದಾಟಿದ ಮೇಲೆ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿ. ಎಣಿಕೆ ಮುಗಿಯುವ ಮೊದಲೇ ನೀವು ಆ ಕಲ್ಲನ್ನು ತಲುಪಿದರೆ ಹತ್ತಿರವಾದಿರಿ. ಮಳೆಯಲ್ಲಿ ಇದನ್ನು ದುಪ್ಪಟ್ಟು ಮಾಡಿ. ರಾತ್ರಿ ಎದುರು ಗಾಡಿ ಕಂಡೊಡನೆ ಡಿಮ್ ಮಾಡುವುದು, ಎದುರಿನವರು ಮಾಡದಿದ್ದರೂ ಮಾಡುವುದು, ಇದೇ ರಸ್ತೆಯ ಪಾಠ. ಅವರ ಹಟಕ್ಕೆ ನಾವೂ ಹೈ ಬೀಮ್ ಹಾಕಿದರೆ ಆಮೇಲೆ ರಸ್ತೆಯಲ್ಲಿ ಕುರುಡರು ಇಬ್ಬರು. ಆಂಬುಲೆನ್ಸಿಗೆ ದಾರಿ ಬಿಡುವುದು ಸೌಜನ್ಯವಷ್ಟೇ ಎಂದುಕೊಂಡವರಿಗೆ: ಬಿಡದಿದ್ದರೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು.

ಘಾಟಿ ಕೊನೆಯದು. ಆಗುಂಬೆ, ಚಾರ್ಮಾಡಿ, ಶಿರಾಡಿಗಳಲ್ಲಿ ಮೊದಲ ಸಲ ಹತ್ತುವಾಗ ಪಕ್ಕದಲ್ಲಿ ಆ ದಾರಿಯನ್ನು ಬಲ್ಲವರಿರಲಿ, ಹಗಲಿರಲಿ, ಮಳೆಗಾಲವಾಗಿರದಿರಲಿ. ರಸ್ತೆ ಇಕ್ಕಟ್ಟಾದಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕೆಂಬುದು ಬರೆದಿಟ್ಟ ನಿಯಮ, ಮತ್ತು ಅದರ ಕಾರಣ ಹತ್ತುವ ಗಾಡಿಯಲ್ಲಿ ಒಮ್ಮೆ ಕೂತವರಿಗೆ ಹೇಳಬೇಕಾಗಿಲ್ಲ: ತುಂಬಿದ ಬಸ್ಸು ತಿರುವಿನಲ್ಲಿ ನಿಂತುಬಿಟ್ಟರೆ ಮತ್ತೆ ಹೊರಡಿಸುವುದು ಎಷ್ಟು ಕಷ್ಟವೆಂದು ಏರಿನ ಸಿಗ್ನಲ್ಲಿನಲ್ಲಿ ಸಣ್ಣ ಕಾರು ನಿಲ್ಲಿಸಿಕೊಂಡವನಿಗೂ ಗೊತ್ತು. ಹಾರನ್ನಿಗೆ ನ್ಯಾಯವಾದ ಜಾಗವೂ ಇದೇ. ಕಾಣದ ತಿರುವಿನ ಮೊದಲು ಒಂದು ಸಲ, ಚಿಕ್ಕದಾಗಿ. ಆಗುಂಬೆಯ ತಿರುವುಗಳಲ್ಲಿ ಬಸ್ಸು ಪೂರ್ತಿ ರಸ್ತೆಯನ್ನು ಬಳಸಿಯೇ ತಿರುಗಬೇಕಾಗುತ್ತದೆ. ಅದರ ಮೂತಿ ಕಂಡೊಡನೆ ತಿರುವಿಗೆ ಮೊದಲೇ ನಿಂತು ಜಾಗ ಕೊಟ್ಟರೆ ಡ್ರೈವರ್ ಒಂದು ಕೈ ಎತ್ತುತ್ತಾರೆ. ತಂಗಿಗೆ ಆ ಕೈ ಮೊದಲ ಸಲ ಸಿಕ್ಕ ದಿನ ಅವಳು ಅದನ್ನು ಡಿಎಲ್ಲಿಗಿಂತ ದೊಡ್ಡದಾಗಿ ಊರಿಗೆಲ್ಲ ಹೇಳಿಕೊಂಡು ಬಂದಳು.

ಹೊರದೇಶಕ್ಕೆ ಹೋಗುವವರಿಗೆ

ಓದಲೋ ಕೆಲಸಕ್ಕೋ ಹೊರಡುವ ಮೊದಲು ಇಲ್ಲೇ ಕಲಿತು ಹೋಗಬೇಕೇ, ಅಲ್ಲೇ ಕಲಿಯಬೇಕೇ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಬ್ರಿಟನ್ನಿಗೆ ಹೋಗುವವರು ಇಲ್ಲಿನ ಡಿಎಲ್‌ನಿಂದ 12 ತಿಂಗಳು ಓಡಿಸಬಹುದು, ಆಮೇಲೆ ಅಲ್ಲಿನ ಪರೀಕ್ಷೆ ಬರೆಯಲೇಬೇಕು. ಅಲ್ಲಿ ಆಟೋಮ್ಯಾಟಿಕ್ಕಿನಲ್ಲಿ ಪಾಸಾದವರಿಗೆ ಗೇರಿನ ಕಾರು ಓಡಿಸುವ ಹಕ್ಕು ಸಿಗುವುದಿಲ್ಲ. ಅಲ್ಲಿಯೂ ಎಡಬದಿಯ ಚಾಲನೆಯಾದ್ದರಿಂದ ಇಲ್ಲಿ ಕೂತ ಕೈ ಅಲ್ಲಿ ನಡೆಯುತ್ತದೆ, ಚಟಗಳು ನಡೆಯುವುದಿಲ್ಲ. ಹೆಡ್‌ಲೈಟ್ ಮಿನುಗಿಸುವುದನ್ನೇ ನೋಡಿ: ಇಲ್ಲಿ ಅದರ ಅರ್ಥ ‘ನಾನು ಬರುತ್ತಿದ್ದೇನೆ, ನಿಲ್ಲು’, ಅಲ್ಲಿನ ರೂಢಿಯಲ್ಲಿ ಅನೇಕ ಸಲ ‘ನೀವು ಮೊದಲು ಹೋಗಿ’. ಅಮೆರಿಕಕ್ಕೆ ಹೋಗುವವರಿಗೆ ಬದಿಯೇ ಬೇರೆ, ಗಾಡಿಗಳು ಬಹುತೇಕ ಆಟೋಮ್ಯಾಟಿಕ್, ನಿಯಮ ರಾಜ್ಯಕ್ಕೊಂದು. ಅವರು ಇಲ್ಲಿ ಮ್ಯಾನುವಲ್ಲಿನಲ್ಲಿ ನುರಿತು ಹೋಗಬೇಕೆಂದು ಹಣ ಸುರಿಯಬೇಕಾಗಿಲ್ಲ. ಡಿಎಲ್ ಇದ್ದರೆ ನಮ್ಮ ಆರ್‌ಟಿಓದಿಂದಲೇ ಒಂದು ವರ್ಷದ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೊರಟರೆ ಮೊದಲಿಗೆ ಸಾಕು, ಆಮೇಲೆ ಆಯಾ ರಾಜ್ಯದ ನಿಯಮವನ್ನು ನೋಡಿಕೊಳ್ಳಬೇಕು.

ಡಿಎಲ್ ಬಂದ ಮೇಲೆ

ಬೆಂಗಳೂರಿನ ಜ್ಞಾನಭಾರತಿಯಲ್ಲಿರುವಂಥ ಸೆನ್ಸರ್ ಪಥದಲ್ಲಿ ಪರೀಕ್ಷೆ ಕೊಟ್ಟು ಪಾಸಾದವರೂ ಮರುದಿನವೇ ಒಬ್ಬರೇ ಹೊರಡಬೇಕೆಂದಿಲ್ಲ. ಡಿಎಲ್ ಬಂದು ಗಾಡಿ ಮುಟ್ಟದೆ ಮೂರು ವರ್ಷ ಕಳೆದವರಿಗೂ, ನಿನ್ನೆ ಡಿಎಲ್ ಬಂದವರಿಗೂ ನಾನು ಹೇಳುವುದು ಒಂದೇ: ಮತ್ತೆ ಸ್ಕೂಲಿಗೆ ಹೋಗುವುದಾದರೆ ಅವರ ಗಾಡಿಯಲ್ಲಿ ಬೇಡ, ನಿಮ್ಮ ಗಾಡಿಗೇ ಮೇಷ್ಟ್ರನ್ನು ಕರೆಸಿಕೊಳ್ಳಿ. ಐದಾರು ಗಂಟೆಯ ಪಾಠಕ್ಕೆ ಇಂತಿಷ್ಟು ಹಣವೆಂದು ತೆಗೆದುಕೊಂಡು ಬರುವವರು ಎಲ್ಲ ಊರಿನಲ್ಲೂ ಇದ್ದಾರೆ. ನೀವು ದಿನಾ ಹೋಗಬೇಕಾದ ದಾರಿಯಲ್ಲೇ, ಆಫೀಸಿನ ಹೊತ್ತಿನಲ್ಲೇ, ಆಫೀಸಿನ ಆ ಇಕ್ಕಟ್ಟಾದ ಬೇಸ್‌ಮೆಂಟಿನ ಇಳಿಜಾರಿನಲ್ಲೇ ಅವರ ಜೊತೆ ಹೋಗಿ ಬನ್ನಿ. ಅವರನ್ನು ಮನೆಗೆ ಕಳಿಸುವ ದಿನ ಯಾವುದೆಂದು ತಿಳಿಯಲು ಒಂದು ಗುರುತಿದೆ. ಮನೆಯ ಗೇಟಿನಿಂದ ಗಾಡಿಯನ್ನು ರಿವರ್ಸ್ ತೆಗೆಯುವಾಗ ಹಿಂದೆ ನಿಂತು ‘ಬಾ, ಬಾ, ಬಾ, ಸಾಕ್’ ಎಂದು ಕೈ ತೋರಿಸುವವರು ಇಲ್ಲದೆ, ಬರೀ ಕನ್ನಡಿ ನೋಡಿಕೊಂಡು, ಬೀದಿಯಲ್ಲಿ ಹೋಗುವವರನ್ನು ಹೋಗಲು ಬಿಟ್ಟು, ಎದುರು ಮನೆಯ ತುಳಸಿಕಟ್ಟೆಗೆ ತಾಗದೆ ಹೊರಗೆ ಬಂದಿರಿ ಎಂದರೆ, ಅವತ್ತು ಫೀಸಿನ ಬಾಕಿ ಚುಕ್ತಾ ಮಾಡಿ ಕಳಿಸಬಹುದು.